ಗಿರಣಿ ತೊಳೆದ ಜೋಳ

ಕುರುಗೋಡಿನ ಬಸ್‌ಸ್ಟ್ಯಾಂಡ್ ಹಿಂದೆ
ಖಾರದ ಗಿರಣಿ ನಂದು. ಬೋರ್ಡಿಲ್ಲ.
ಸೀನು ಕೇಳಿದ ಕಡೆ ತಿರುಗಿ, ಬಂದುಬಿಡುತ್ತೀರಿ.

ಮಾಘದ ಒಂದು ಮುಂಜಾನೆ ಮೌಲಮ್ಮ ಬಂದಳು,
ಆಟೋದಲ್ಲಿ ಮೂರು ಚೀಲ, ಚೀಲದ ಮೇಲೆ ತಾನು.
ಹಿಂದೆ ಸ್ಕೂಟಿಯಲ್ಲಿ ಒಬ್ಬ ಹುಡುಗಿ, ಕಂಕುಳಲ್ಲಿ ನೋಟ್‌ಬುಕ್ಕು.

ಕಾಯಿ ನೋಡಿದೆ. ಗುಂಟೂರಲ್ಲ, ಬ್ಯಾಡಗಿಯೂ ಅಲ್ಲ.
ಗಿಡ್ಡ, ತುದಿ ಒಳಕ್ಕೆ ಮಡಚಿದೆ,
ಚಳಿಗೆ ಮುದುರಿದ ಕೂಸಿನ ಕಾಲ್ಬೆರಳಿನ ಹಾಗೆ.
"ಕೂಸಿನಕಾಯಿ," ಅಂದಳು ಮೌಲಮ್ಮ, "ನಮ್ಮತ್ತೆ ತವರಿನ ಬೀಜ.
ಮಡ್ಡಿ ಮೇಲಿನ ಮೂರು ಹೊಲ ಬಿಟ್ಟರೆ ಎಲ್ಲೂ ಹತ್ತೋದಿಲ್ಲ.
ಕಾಲುವೆ ನೀರು ಬಿಟ್ಟರೆ ಮುನಿಸಿಕೊಂಡು ಹೂ ಉದುರಿಸ್ತೈತಿ."

ಹುಡುಗಿ ಬರೆದುಕೊಂಡಳು: ಮಣ್ಣು, ಎಕರೆ, ಕೊಯ್ದ ದಿನ,
ತೊಟ್ಟು ಮುರಿದವರ ಹೆಸರು ಸಹ.
ಅಲ್ಲಿ ತಡವಾಯಿತು. ಮೌಲಮ್ಮ
ಬೆರಳು ಮಡಚಿ ಮಡಚಿ ಹನ್ನೊಂದು ಹೆಂಗಸರನ್ನು ಎಣಿಸಿದಳು,
ಹನ್ನೆರಡನೆಯವಳು ನೆನಪಾಗದೆ ಫೋನ್ ಹಚ್ಚಿದಳು:
"ಅವತ್ತು ಕೆಮ್ತಿದ್ದಳಲ್ಲ, ಯಾರಾಕೆ?"

ಆಮೇಲೆ ನನ್ನ ಸರದಿ. "ಒಂದು ಚೂರೂ ಬೇರೆ ಖಾರ ಬೆರೆಯಬಾರದು."
ನಕ್ಕೆ. ಈ ಗಿರಣಿಯ ಹೊಟ್ಟೆಯಲ್ಲಿ
ನಿನ್ನೆ ಕುಟ್ಟಿದ ಮದುವೆಯ ಖಾರ,
ಹಾಸ್ಟೆಲ್ಲಿನ ಮಸಾಲೆ, ಯಾರದೋ ತಿಥಿಯ ಕೊತ್ತಂಬರಿ;
ಹುಡುಕಿದರೆ ಅಪ್ಪನ ಕಾಲದ ಅರಿಶಿನವೂ ಸಿಕ್ಕೀತು.

ಬ್ರಷ್ ಹೊಡೆದೆ, ಊದಿದೆ, ಹಳೆ ಸೀರೆಯಲ್ಲಿ ಒರೆಸಿದೆ.
ಹೋಗಲಿಲ್ಲ.
ಕೊನೆಗೆ ಎರಡು ಸೇರು ಬಿಳಿಜೋಳ ಸುರಿದು ಗಿರಣಿ ಬಿಟ್ಟೆ.
ಮೊದಲು ಕೆಂಪು, ಆಮೇಲೆ ಕಾವಿ, ಆಮೇಲೆ ಒಂದು ನಾಚಿಕೆಯ ಬಣ್ಣ.
ಬಿಳಿ ಬೀಳುವ ತನಕ ಮೂವರೂ ಮಾತಾಡಲಿಲ್ಲ.

ನಂತರ ಕೂಸಿನಕಾಯಿ. ಬಿಸಿಯಾಗದಂತೆ, ತಡೆತಡೆದು.
ಯಾರಿಗೂ ಸೀನು ಬರಲಿಲ್ಲ, ಅದೇ ವಿಚಿತ್ರ.
ಹುಣಸೆ ಕುದಿಯುವ ಮನೆ ಮುಂದೆ ಹಾದುಹೋದಂಥ ವಾಸನೆ.
ನಾಲಿಗೆಗಿಟ್ಟರೆ ಏನಿಲ್ಲ, ಏನಿಲ್ಲ,
ಬಹಳ ಹೊತ್ತಿನ ಮೇಲೆ
ಕಿವಿಯ ಹಿಂದೆ ಬೆವರು.

ಚೀಲ ಚೀಲದ ನಡುವೆ ಮತ್ತೆ ಜೋಳ.
ಪುಟ್ಟ ಶೀಶೆ, ಒಂದೊಂದಕ್ಕೂ ಹೊಲದ ನಂಬರು.
"ಬದುವಿಗೆ ಹೊಡೆದಾಡಿದವರು ನಾವು,
ಶೀಶೆಯೊಳಗೂ ಬೇರೆ ಬೇರೆನೇ," ಮೌಲಮ್ಮ ನಕ್ಕಳು.

ಆ ಕೆಂಪು ಹಿಟ್ಟು ಯಾರ ಲೆಕ್ಕದಲ್ಲೂ ಇರಲಿಲ್ಲ. ಮನೆಗೆ ಒಯ್ದೆ.
ಹೊನ್ನೂರಮ್ಮ ಬಣ್ಣ ನೋಡಿದಳು, ಕೇಳಲಿಲ್ಲ, ರೊಟ್ಟಿ ತಟ್ಟಿದಳು.
ಎರಡು ತುತ್ತಿಗೆ ನನ್ನ ಮೂಗು ಸೋರಿತು, ಮೂರಕ್ಕೆ ಅವಳದೂ.

"ಭಾರಿ ರುಚಿ ಐತಲ್ಲ, ಯಾರ ಹೊಲದ್ದು?" ಅಂದಳು
ನೀರಿನ ತಂಬಿಗೆ ಸರಿಸುತ್ತ.

ನಾನು ಬೆರಳು ಮಡಚತೊಡಗಿದೆ.