ಶನಿವಾರದ ಪೆನ್ಸಿಲು

ಶಾಲೆಯ ಹಾಲಿನಲ್ಲಿ ರಟ್ಟಿನ ಗೂಡುಗಳು,
ಗೂಡಿಗೊಂದು ಪೆನ್ಸಿಲು, ಪೆನ್ಸಿಲಿಗೊಂದು ದಾರ.
ಸಂವಿಧಾನಕ್ಕೆ ನಮ್ಮದೊಂದು ನಾಲ್ಕು ಸಾಲು ಸೇರಿಸಬಹುದೇ ಎಂದು
ಇಡೀ ಖಂಡವನ್ನು ಕೇಳುವ ದಿನ.
ಗೇಟಿನಲ್ಲಿ ಸಾಸೇಜು ಹುರಿಯುವ ಹುಡುಗ
ಈರುಳ್ಳಿ ಹಾಕಲೇ ಎಂದು
ಬಂದವರನ್ನೆಲ್ಲ ಒಂದೇ ದನಿಯಲ್ಲಿ ಕೇಳುತ್ತಿದ್ದ.

ಕೊರಲ್ ಚಿಕ್ಕಮ್ಮನಿಗೆ ಎಂಬತ್ತೊಂದು.
ಗಾಡಿಯಿಂದ ಇಳಿಸಹೋದರೆ
"ಕೈ ಬಿಡೋ, ಕಾಲಿನ್ನೂ ಇದೆ" ಎಂದಳು.
ಅವಳ ಇಪ್ಪತ್ತೈದರಲ್ಲಿ, ಹೀಗೇ ಒಂದು ಶನಿವಾರ,
ನಮ್ಮನ್ನೂ ಜನಗಣತಿಗೆ ಸೇರಿಸಲು ದೇಶ ಒಪ್ಪಿತ್ತಂತೆ.
"ಎಣಿಸಿದರು ಕಣೋ, ಚೆನ್ನಾಗಿಯೇ ಎಣಿಸಿದರು.
ಕುರಿ ಎಣಿಸಿ ರೂಢಿ ಇದ್ದವರು."

ಸಲಹೆ ಅಂದರೆ ಅವಳಿಗೆ ನಗು.
ನೀರಿನ ಇಲಾಖೆಯವರು ಬಂದಾಗ
ಬಿಸ್ಕತ್ತಿನ ತಟ್ಟೆ ಮುಂದಿಟ್ಟು ಹೇಳಿದ್ದಳು:
ಮೇಲಿನ ಹತ್ತಿ ಹೊಲಗಳಿಗೆ ಬಾಕಾ ನದಿಯನ್ನು ಹೀಗೆ ಹೀರಿಸಬೇಡಿ,
ಮೀನಿಗೆ ಉಸಿರು ಸಿಗುವುದಿಲ್ಲ.
ಬರೆದುಕೊಂಡರು. ಬಿಸ್ಕತ್ತು ತಿಂದರು.
ಮೂರನೇ ಬೇಸಿಗೆಗೆ
ಈ ದಂಡೆಯಿಂದ ಆ ದಂಡೆಯವರೆಗೆ ತೇಲಿದವು
ಹೊಟ್ಟೆ ಮೇಲಾದ ಮೀನು,
ಬಾಯಿ ತೆರೆದು,
ಅಷ್ಟೂ ಬಾಯಿ ತೆರೆದು.

ನಾವು ಕೇಳಿದ್ದು ಇಷ್ಟೇ:
ಬಾಗಿಲು ತಟ್ಟಿದ ಸದ್ದು ನಿಮ್ಮ ದೊಡ್ಡ ಪುಸ್ತಕದಲ್ಲಿರಲಿ,
ಮುಂದಿನ ಮಂತ್ರಿ ಬಂದು ಒರೆಸಿಹಾಕದ ಹಾಗೆ.
ತೆರೆಯುವುದು, ಬಿಡುವುದು
ಆಮೇಲೂ ನಿಮ್ಮ ಕೈಯಲ್ಲೇ.

ಪಡುವಣ ತೀರದಲ್ಲಿ ಜನ ಇನ್ನೂ ಸಾಲಿನಲ್ಲಿ ನಿಂತಿದ್ದರು,
ಟೀವಿಯಲ್ಲಿ ಮುಗಿದೇ ಹೋಯಿತು.
ಆರಕ್ಕೆ ಆರೂ ರಾಜ್ಯ: ನೋ.

ಇಂಗ್ಲಿಷಿನಲ್ಲಿ ಅದಕ್ಕೆ ಎರಡೇ ಅಕ್ಷರ.
ಯಾವ ನೋ ಅದು?
ನೀವು ಇಲ್ಲಿ ಇಲ್ಲವೇ ಇಲ್ಲ ಎನ್ನುವ ಇಲ್ಲವೋ,
ಇದು ದಾರಿ ಅಲ್ಲ ಎನ್ನುವ ಅಲ್ಲವೋ,
ನಮಗ್ಯಾಕೆ ಈ ರಗಳೆ ಎನ್ನುವ ಬೇಡವೋ,
ಹಳೇ ಬೇಲಿಯ ಹಲಗೆಯಿಂದ ಕಿತ್ತು ತಂದ ಕೂಡದೋ,
ಅರ್ಥವಾಗದೆ ತಲೆಯಾಡಿಸಿದ ಬರೀ ಊಹೂಂ.
ನಮ್ಮ ಡಾರ್ಸಿ ಬರೆದ ನೋ ಬೇರೆಯದು:
ಸಲಹೆ ಸಾಲದು, ಒಪ್ಪಂದ ಬೇಕು ಎಂದು ಅವನ ಹಟ.
ಅವನದನ್ನೂ ಅದೇ ರಾಶಿಗೆ ಎಣಿಸಿದರು.
ರಾತ್ರಿ ಅವನು ಒಲೆಯ ಹತ್ತಿರ ಬರಲಿಲ್ಲ.
ಚಿಕ್ಕಮ್ಮ ತಟ್ಟೆ ಮುಚ್ಚಿಟ್ಟಳು.

ಒಂದು ವಾರ ಊರಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.
ನಾಯಿಗಳು ಕೂಡ ಎಂದರೆ ನೀವು ನಂಬಲಾರಿರಿ.

ಆಮೇಲೆ ಫೋನು. ನೀರಿನ ಇಲಾಖೆ.
ನದಿಯ ಬಗ್ಗೆ ಹಿರಿಯರ ಅಭಿಪ್ರಾಯ ಬೇಕಂತೆ,
ಗುರುವಾರ ಹನ್ನೊಂದಕ್ಕೆ ಆಗಬಹುದೇ.
ಚಿಕ್ಕಮ್ಮ ಕಾರ್ಡಿಗನ್ನಿನ ಜೇಬಿಗೆ ಕೈ ಹಾಕಿದಳು,
ಪೆನ್ಸಿಲು ತೆಗೆದಳು.
ಗೇಣುದ್ದ ದಾರ ಇನ್ನೂ ಜೋತಾಡುತ್ತಿತ್ತು.
ಲಕೋಟೆಯ ಬೆನ್ನಿಗೆ ಗುರುವಾರ ಎಂದು ಬರೆದು
ನನ್ನತ್ತ ತಿರುಗದೆ ಹೇಳಿದಳು:
"ಬಿಸ್ಕತ್ತು ಕಪಾಟಿನಲ್ಲೇ ಇರಲಿ.
ಹೋದ ಸಲ ಬರೆದುಕೊಂಡರಲ್ಲ,
ಮೊದಲು ಅದನ್ನು ಓದಿ ಹೇಳಲಿ."