ಕೈಗಡದ ಕುರ್ಚಿಗಳು

ನಾಟಕ ಮುಗಿದ ಮರುದಿನವೇ ನಿಜವಾದ ಕೆಲಸ
ಎನ್ನುತ್ತಾಳೆ ಇಶ್ಬೆಲ್ ರಾಟ್ರೇ.
ನಾನು ವ್ಯಾನಿನ ಡ್ರೈವರ್. ಹತ್ತೊಂಬತ್ತು ವರ್ಷದಿಂದ
ಡಂಡೀ ಊರಿನ ಏರು ಇಳಿಜಾರುಗಳಲ್ಲಿ
ಅವಳ ರಂಗಭೂಮಿಯನ್ನು ಹಿಂದೆ ತುಂಬಿಕೊಂಡು ತಿರುಗಿದ್ದೇನೆ.

ಅವಳಿಗೆ ಥಿಯೇಟರ್ ಇಲ್ಲ. ಇತ್ತು ಒಂದು ಕಾಲಕ್ಕೆ,
ಕೆಂಪು ಮಖಮಲ್ಲಿನ ಆಸನ, ವಿರಾಮಕ್ಕೆ ಐಸ್‌ಕ್ರೀಮು,
ಪತ್ರಿಕೆಯಲ್ಲಿ ಹೊಗಳಿಕೆ. ಒಂದು ರಾತ್ರಿ
ಕಸ ಗುಡಿಸುವ ಹೆಂಗಸನ್ನು ಕೇಳಿದಳಂತೆ, ಹೇಗಿತ್ತು ನಾಟಕ?
"ಗೊತ್ತಿಲ್ಲಮ್ಮ, ನಾನು ಬರುವುದು ನೀವೆಲ್ಲ ಹೋದ ಮೇಲೆ."
ಅಷ್ಟೇ. ಮುಂದಿನ ವಾರ ರಾಜೀನಾಮೆ.
ಈ ಕತೆಯನ್ನು ಅವಳು ಮೂರು ತರಹ ಹೇಳುತ್ತಾಳೆ.
ಒಂದರಲ್ಲಿ ಅವಳನ್ನೇ ಕೆಲಸದಿಂದ ತೆಗೆದಿದ್ದರು.

ಆಮೇಲೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ನಾಟಕ,
ಯಂತ್ರ ತಿರುಗುವಷ್ಟು ಹೊತ್ತು, ನಲವತ್ತು ನಿಮಿಷ.
ಬಸ್ ಡಿಪೋದಲ್ಲಿ. ಮುಚ್ಚಿದ ಸೆಣಬಿನ ಗಿರಣಿಯಲ್ಲಿ
ಗೋಣಿತಾಟು ಹೊಲಿದು ಪರದೆ ಕಟ್ಟಿ,
ಅಲ್ಲೇ ದುಡಿದು ಕಿವುಡಾದ ಮುದುಕಿಯರು
ಕೈಸನ್ನೆಯಲ್ಲೇ ಜಗಳವಾಡಿದ ನಾಟಕ.
ಒಂದು ಮಾತೂ ಇರಲಿಲ್ಲ, ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಹೋದ ವರ್ಷದ್ದು, ಕೆಡವಲಿದ್ದ ಹದಿನೈದಂತಸ್ತಿನ ಕಟ್ಟಡದಲ್ಲಿ.
ಪ್ರೇಕ್ಷಕರ ಕುರ್ಚಿ ಅಲ್ಲಿನ ಮನೆಮನೆಯಿಂದ ಕೈಗಡ,
ತಳದಲ್ಲಿ ಸೀಮೆಸುಣ್ಣದ ಹೆಸರು, ಬಾಗಿಲ ನಂಬರು.
ನಗರಸಭೆಯ ವಸತಿ ಅಧಿಕಾರಿ ಬಂದಾಗ
ಅವಳೇ ಕೈಹಿಡಿದು ಕೂರಿಸಿದಳು
ಕಾಲು ಅಲ್ಲಾಡುವ ಒಂದರಲ್ಲಿ.
ಒಂದೂವರೆ ಗಂಟೆ ಪುಣ್ಯಾತ್ಮ ಒರಗಲಿಲ್ಲ, ಮೊಬೈಲು ತೆಗೆಯಲಿಲ್ಲ.
ಕುರ್ಚಿ ಉಳಿಸಿಕೊಳ್ಳುವುದು ಅಷ್ಟು ಸುಲಭವಲ್ಲ, ನೋಡಿ.

ಅನುದಾನದ ಅರ್ಜಿ ಕೇಳುತ್ತದೆ:
ನಿಮ್ಮಿಂದ ಎಷ್ಟು ಜನರ ಬದುಕು ಬದಲಾಯಿತು? ಅಂಕಿಯಲ್ಲಿ ಬರೆಯಿರಿ.
ಪೆನ್ನು ಕಚ್ಚುತ್ತ ಕೂತು ಬರೆದಳು:
ತಂದ ಕುರ್ಚಿ ನಲವತ್ತೊಂದು. ತಿರುಗಿ ಕೊಟ್ಟದ್ದು ನಲವತ್ತು.

ಉಳಿದ ಒಂದು ಎಫೀ ಲೋರಿಮರ್ ಅವರದು.
ಕೊನೆಯ ಪ್ರದರ್ಶನದ ವಾರವೇ ತೀರಿಕೊಂಡರು.
ಏಪ್ರಿಲ್‌ನಲ್ಲಿ ಕಟ್ಟಡವೂ ಬಿತ್ತು, ಒಂಬತ್ತು ಸೆಕೆಂಡಿನಲ್ಲಿ.
ನಾಟಕ ಅದನ್ನೇನೂ ತಡೆಯಲಿಲ್ಲ.
ಕುರ್ಚಿ ನನ್ನ ವ್ಯಾನಿನಲ್ಲಿ, ತಿರುವಿನಲ್ಲೆಲ್ಲ ಲೊಟಲೊಟ.

ಇವತ್ತು ಆರ್ಬ್ರೋತ್‌ನಲ್ಲಿ ಮಗಳು ಸಿಕ್ಕಿದಳು, ಮೀನಿನಂಗಡಿಯಲ್ಲಿ.
ಏಪ್ರನ್ನಿಗೆ ಕೈ ಒರೆಸಿ, ಕುರ್ಚಿ ಮಗುಚಿ, ತಳ ತಡಕಿದಳು.
ಮೂಲೆಯಲ್ಲಿ, ಕಲ್ಲಾಗಿದ್ದ ಒಂದು ಚೂಯಿಂಗ್ ಗಮ್.
"ನಂದೇ. ಏಳು ವರ್ಷ ಇರಬೇಕು ನಂಗಾಗ."
ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟೇ ನಿಂತಳು.
ಗಿರಾಕಿಗಳು ಕಾದರು.
"ಇಲ್ಲಿ ಜಾಗವಿಲ್ಲ. ಒಯ್ಯಿರಿ, ಮುಂದಿನ ನಾಟಕಕ್ಕಾದೀತು.
ಆದರೆ ವಾಪಸು ತರಬೇಕು."

ಇಶ್ಬೆಲ್ ಎಂಜಲು ಹಚ್ಚಿ ಹಳೆ ನಂಬರು ಒರೆಸಿದಳು.
ಹೊಸ ವಿಳಾಸ ಬರೆಯಹೋದರೆ ಸೀಮೆಸುಣ್ಣ ಮುಗಿದಿದೆ.
ಮೀನಿನ ಬೆಲೆ ಬರೆಯುವ ತುಂಡನ್ನು
ಮಗಳೇ ಮುರಿದು ಕೊಟ್ಟಳು.