ಎಷ್ಟು?

ಪಿ.ಜೆ. ಬಡಾವಣೆಯ ಒಂದು ಮಹಡಿ ಹಾಲ್, ಮೂರು ದಿನದ ತರಬೇತಿ.
ನಾವು ಇಪ್ಪತ್ತಮೂರು ಜನ, ಎಲ್ಲರೂ ಕೇಳುವ ಕಸುಬಿನವರು.
ಗಂಡನ ಗುಟ್ಟು, ಹೆತ್ತು ಕಳಕೊಂಡದ್ದು,
ಅಶೋಕ ರಸ್ತೆಯ ರೈಲ್ವೆ ಗೇಟಿನ ತನಕ ಹೋಗಿ
ಅಲ್ಲಿನ ಜನಜಂಗುಳಿಗೇ ಬೇಸತ್ತು ಮನೆಗೆ ಬಂದವನ ಮಾತು,
ಎಲ್ಲವನ್ನೂ ಕಣ್ಣು ಕೆಳಗಿಳಿಸದೆ ಕೇಳಿದವರು.

ಪದ್ಮಾಕ್ಷಿ ಮೇಡಂ ಹಿಂದೆ ಬ್ಯಾಂಕಿನಲ್ಲಿ ಸಾಲ ವಸೂಲಿಗೆ ಹೋಗುತ್ತಿದ್ದವರು.
ದನಿ ಈಗಲೂ ಬಾಗಿಲು ಬಡಿದ ಹಾಗೆ.
'ಪಕ್ಕದವರಿಗೆ ನಿಮ್ಮ ತಿಂಗಳ ಸಂಪಾದನೆ ಹೇಳಿ,' ಅಂದರು.
'ಬರೀ ಸಂಖ್ಯೆ.'

ಫ್ಯಾನು ತಿರುಗಿತು.
ಯಾರೋ ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ, ಮುಚ್ಚಿದರು.
ತನ್ನ ಮುಟ್ಟು ನಿಂತ ಕತೆಯನ್ನು
ಉಪ್ಪಿಟ್ಟು ಮುಗಿಯುವುದರೊಳಗೆ ಹೇಳಿಬಿಟ್ಟಿದ್ದ ನಸೀಮ್ ಬಾನು
'ಹಂಗೇ ನಡೀತದೆ ಬಿಡ್ರಿ' ಅಂದರು.
'ಪರವಾಗಿಲ್ಲ' ಅಂದೆ ನಾನು.
ಮೇಡಂ ಬೆನ್ನ ಹಿಂದೆಯೇ ನಿಂತಿದ್ದರು:
'ಪರವಾಗಿಲ್ಲ ಅಂದ್ರೆ ಎಷ್ಟು ಸಾವಿರ?'

ಮಂಡಕ್ಕಿ ಭಟ್ಟಿಯ ಓಣಿ ನಮ್ಮದು.
ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದು.
ಒಂದನೇ ಕ್ಲಾಸಿಗೆ ಮೊದಲೇ ಕಲಿತ ವಾಕ್ಯ:
ಅವ್ವ ಹೇಳ್ಯಾಳ, ಬರ್ಕೊಳ್ರಿ.
ಪಾಲಾಕ್ಷಪ್ಪ ಬರೆದುಕೊಳ್ಳುತ್ತಿದ್ದ,
ಬರೆದು, ಎಣ್ಣೆಗೆ ನಿಂತವರು, ಬೆಲ್ಲಕ್ಕೆ ನಿಂತವರು,
ಸುಮ್ಮನೆ ನಿಂತವರು, ಎಲ್ಲರಿಗೂ ಕೇಳುವ ಹಾಗೆ,
'ಒಟ್ಟು ಇನ್ನೂರ ಹದಿನಾರು, ಹೇಳು ನಿಮ್ಮವ್ವಂಗೆ.'
ಓಣಿ ತಿರುಗುವಾಗ ಹದಿನಾರನ್ನು ಚೆಲ್ಲಿಬಿಡುತ್ತಿದ್ದೆ.
'ಇನ್ನೂರಂತೆ' ಎನ್ನುತ್ತಿದ್ದೆ ಮನೆಯಲ್ಲಿ.
ಅವ್ವನ ಮುಖ ಆಗಲೂ ಅಷ್ಟೇ ಇಳಿಯುತ್ತಿತ್ತು.

ಎರಡನೇ ದಿನ ಪಾತ್ರ ಹಂಚಿದರು.
ನಾನು ಸಮಾಲೋಚಕಿ. ಹರಿಹರದ ನಿಜಗುಣ ಕಕ್ಷಿದಾರ.
ಬದುಕು ತಿದ್ದುವ ಕೋಚ್ ಆತ; ಶೂಗೆ ಹೊಳಪು, ಮಾತಿಗೂ.
ಇಬ್ಬರ ಕೈಯಲ್ಲೂ ಒಂದೇ ಚೀಟಿ:
'ನೀವು ಬಟ್ಟೆ ವ್ಯಾಪಾರಿ. ಸಾಲ ಐವತ್ತು ಸಾವಿರ.'
ಆತ ಚೀಟಿ ಮಡಚಿ ಜೇಬಿಗಿಟ್ಟ.
'ಮೂರು ಲಕ್ಷ ಎಂಬತ್ತು ಸಾವಿರ,' ಅಂದ.
'ಮೊಬೈಲ್ ಆ್ಯಪಿಂದು ಒಂದಿಷ್ಟು, ಉಳಿದದ್ದು ಕೈಗಡ.
ಮನೆಯವಳಿಗೆ ಗೊತ್ತಿಲ್ಲ.'

ನನಗೆ ಗಂಟಲೊಣಗಿತು.
'ಒಂದು ಹಾಳೆ ತಗೊಳ್ಳೋಣ, ಖರ್ಚೆಲ್ಲ ಬರೆಯೋಣ' ಅಂದೆ,
ಪೆನ್ನು ಹುಡುಕಿದೆ, ಎದುರಿಗೇ ಇತ್ತು.

ಮೇಡಂ ಸ್ಟೀಲ್ ಲೋಟಕ್ಕೆ ಚಮಚೆ ತಾಗಿಸಿದರು, ಟಿಣ್.
'ಓಡಿದ್ರಿ. ಅಳು ಬಂದ್ರೆ ಕೂರ್ತೀರಿ, ಲೆಕ್ಕ ಬಂದ್ರೆ ಓಡ್ತೀರಿ.
ಹಾಳೆ ಬೇಕು, ಬೇಡ ಅನ್ನಲ್ಲ.
ಬಡ್ಡಿ ಯಾರ ಅಳು ನೋಡಿಯೂ ನಿಂತಿದ್ದಿಲ್ಲ.
ವಸೂಲಿಗೆ ಹೋದ ನನಗೆ ಗೊತ್ತಿಲ್ವ?
ಆದ್ರೆ ಅದಕ್ಕೂ ಮುಂಚೆ...'
ಅವರು ಮುಗಿಸಲಿಲ್ಲ. ಟೀ ಆರುತ್ತಿತ್ತು, ಕುಡಿದರು.

ನಾನು ಕುರ್ಚಿಯನ್ನು ಒಂದು ಗೇಣು ಮುಂದೆಳೆದೆ.
'ಮೂರು ಲಕ್ಷ ಎಂಬತ್ತು ಸಾವಿರ,' ಅಂದೆ,
ಒಂದು ಕಾಸೂ ಚೆಲ್ಲದೆ.
ನಿಜಗುಣ ತನ್ನ ಶೂ ನೋಡಿಕೊಂಡ.
'ಎಂಬತ್ತೆರಡು,' ಅಂದ. 'ಎರಡು ನಿಮಗೂ ಮುಚ್ಚಿಟ್ಟಿದ್ದೆ.'

ಸಂಜೆ ಕೆಳಗಿನ ಗೂಡಂಗಡಿ, ಮಿರ್ಚಿ, ಟೀ.
ಬಿಲ್ಲು ಬಂದದ್ದೇ ಇಪ್ಪತ್ತಮೂರು ಜನವೂ ಮುಗಿಬಿದ್ದೆವು,
ನಾನು ಕೊಡ್ತೀನಿ, ಏ ಇರ್ರಿ, ನನ್ನಾಣೆ.
ಎಲ್ಲರಿಗಿಂತ ಮುಂದೆ ನಿಜಗುಣನ ಫೋನು
ಅಂಟಿಸಿದ್ದ ಕ್ಯೂಆರ್ ಹಾಳೆಯತ್ತ.
ನಸೀಮ್ ಬಾನು ಆತನ ಮಣಿಕಟ್ಟು ಹಿಡಿದರು.
'ಇವತ್ತು ಬ್ಯಾಡ,' ಅಂದರು.
ಒಬ್ಬೊಬ್ಬರಿಗೆ ಮೂವತ್ತೆರಡು ರೂಪಾಯಿ ಬಿತ್ತು.
ಅದನ್ನು ಹೇಳಲು, ದೇವರೇ, ಎಷ್ಟು ಹೊತ್ತು.

ಸೋಮವಾರ ವಿದ್ಯಾನಗರದ ನನ್ನ ಕೋಣೆ.
ಮಾತು ಮುಗಿಸಿ ಎದ್ದ ಹೆಂಗಸು ಪರ್ಸಿನ ಜಿಪ್ ಹಿಡಿದು
'ಎಷ್ಟ್ರಿ?' ಅಂದಳು.
ಇಷ್ಟು ವರ್ಷ ಆ ಹೊತ್ತಿಗೆ ಕ್ಯಾಲೆಂಡರ್ ನೋಡಿದ್ದೇನೆ,
'ನಿಮಗೆ ತಿಳಿದಷ್ಟು' ಅಂದಿದ್ದೇನೆ.
'ಐನೂರು,' ಅಂದೆ. ದನಿ ಒಡೆಯಿತು.

ಅವಳು ಮೂರು ನೂರರ ನೋಟು ಎಣಿಸಿ ಮೇಜಿನ ಮೇಲಿಟ್ಟು
'ಉಳಿದದ್ದು ಬರ್ಕೊಳ್ರಿ,' ಅಂದಳು.

ಬರೆದುಕೊಂಡೆ.
ಬರೆದದ್ದನ್ನು ಓದಿ ಹೇಳಿದೆ,
ಅವಳಿಗೆ ಕೇಳುವಷ್ಟು,
ಹೊರಗೆ ಬೆಂಚಿನಲ್ಲಿ ಕೂತವರಿಗೆ ಕೇಳದಷ್ಟು.